ಷರತ್ತು ಕಳಚಿದ ಅಂಕಿ

ಇಂಥ ವಯಸ್ಸಿನವರಿಗೆ, ಇಂಥ ಔಷಧವನ್ನು, ಇಷ್ಟು ವರ್ಷ ಕೊಟ್ಟಾಗ ಹೀಗಾಯಿತು ಎಂದಷ್ಟೇ ಆರೋಗ್ಯ ಸಂಶೋಧನೆ ಹೇಳಬಲ್ಲದು. ಈ ಷರತ್ತುಗಳು ಪತ್ರಿಕೆಯ ತಲೆಬರಹದಲ್ಲಿ ಹಿಡಿಸುವುದಿಲ್ಲ. ವರದಿಗಳು ದಾರಿ ತಪ್ಪಿದಾಗ ಪತ್ರಕರ್ತರ ಅವಸರವನ್ನೋ ಅಜ್ಞಾನವನ್ನೋ ದೂರುವುದು ವಾಡಿಕೆ. ಆದರೆ ಅಂಕಿ ಸರಿಯಾಗಿದ್ದು, ಬರೆದವರು ಪ್ರಾಮಾಣಿಕರಾಗಿದ್ದೂ ಓದುಗರಿಗೆ ತಪ್ಪು ತಿಳಿವಳಿಕೆ ಮೂಡಬಹುದು. ತೊಡಕಿನ ನಿಜವಾದ ಬೇರು ಇಲ್ಲಿದೆ.

ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ಅಧ್ಯಯನ ಇದಕ್ಕೆ ತಕ್ಕ ನಿದರ್ಶನ. ಮುಟ್ಟು ನಿಂತ 16,608 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಎಂಬ ಹಾರ್ಮೋನ್‌ಗಳು ಕೂಡಿದ ಮಾತ್ರೆ, ಇನ್ನೊಂದಕ್ಕೆ ಹುಸಿಮಾತ್ರೆ ಕೊಡಲಾಯಿತು. 2002ರಲ್ಲಿ, ಸರಾಸರಿ 5.2 ವರ್ಷ ಕಳೆದಾಗ, ಅವಧಿಗೆ ಮೊದಲೇ ಪ್ರಯೋಗ ನಿಂತಿತು. ಹಾರ್ಮೋನ್ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಶೇ. 26ರಷ್ಟು, ಹೃದ್ರೋಗ ಶೇ. 29ರಷ್ಟು ಹೆಚ್ಚಿತ್ತು. ಸುದ್ದಿಯಾದದ್ದು ಈ ಶೇಕಡಾವಾರು.

ಅದನ್ನು ಕೊಟ್ಟ ಸಂಶೋಧನಾ ಪ್ರಬಂಧದಲ್ಲೇ ಇನ್ನೊಂದು ಲೆಕ್ಕವೂ ಇತ್ತು. ವರ್ಷಕ್ಕೆ 10,000 ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಬಂದದ್ದು ಹುಸಿಮಾತ್ರೆಯ ಗುಂಪಿನಲ್ಲಿ 30 ಮಂದಿಗೆ, ಹಾರ್ಮೋನ್ ಗುಂಪಿನಲ್ಲಿ 38 ಮಂದಿಗೆ. ಶೇ. 26 ಎಂದರೂ ಎಂಟು ಮಂದಿ ಎಂದರೂ ಸಂಗತಿ ಒಂದೇ. ಹುಟ್ಟುವ ಭಯ ಮಾತ್ರ ಬೇರೆ. ಹಾಗೆಂದು ಎರಡನೆಯದೇ ಅಸಲಿ ಲೆಕ್ಕ ಎನ್ನುವುದೂ ಸಲ್ಲದು. ಮಾತ್ರೆ ನುಂಗುವವರು ಹತ್ತು ಲಕ್ಷವಾದರೆ ವರ್ಷಕ್ಕೆ ಆ ಎಂಟು ಮಂದಿ 800 ಆಗುತ್ತಾರೆ. ಒಬ್ಬಳ ಪಾಲಿಗೆ ಸಣ್ಣದಾದ ಅಪಾಯ ಸರ್ಕಾರದ ಪಾಲಿಗೆ ದೊಡ್ಡದು. ಯಾರು ಕೇಳುತ್ತಿದ್ದಾರೆ ಎಂಬುದನ್ನು ಬಿಟ್ಟು ‘ಅಪಾಯ ಎಷ್ಟು’ ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಯಾರ ಮೇಲೆ ಪ್ರಯೋಗ ನಡೆಯಿತು ಎಂಬುದೂ ಅಷ್ಟೇ ಮುಖ್ಯ. ಈ ಮಹಿಳೆಯರ ಸರಾಸರಿ ವಯಸ್ಸು 63. ಮೈ ಬಿಸಿಯೇರಿ ಬೆವರುವ ಕಾಟಕ್ಕೆ ಹಾರ್ಮೋನ್ ಬಯಸುವವರು ಸಾಮಾನ್ಯವಾಗಿ ಐವತ್ತರ ಆಸುಪಾಸಿನವರು. ಗರ್ಭಕೋಶ ತೆಗೆಸಿಕೊಂಡವರಿಗೆ ಈಸ್ಟ್ರೋಜೆನ್ ಒಂದನ್ನೇ ಕೊಟ್ಟ ಜೊತೆಯ ಪ್ರಯೋಗದಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ‘ಹಾರ್ಮೋನ್ ಅಪಾಯಕಾರಿ’ ಎಂಬ ಎರಡು ಪದಗಳಲ್ಲಿ ಈ ಭೇದಗಳೆಲ್ಲ ಅಳಿಸಿಹೋದವು.

ಇದಕ್ಕೂ ಮೊದಲು, ಹಾರ್ಮೋನ್ ಹೃದಯವನ್ನು ಕಾಯುತ್ತದೆ ಎಂಬ ನಂಬಿಕೆ ಬಲವಾಗಿತ್ತು. ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳು ಹಾಗೆಂದಿದ್ದವು. ಹಾರ್ಮೋನ್ ತೆಗೆದುಕೊಳ್ಳುತ್ತಿದ್ದವರು ಹೆಚ್ಚಾಗಿ ಓದಿದವರು, ಅನುಕೂಲಸ್ಥರು; ಅವರ ಹೃದಯ ಗಟ್ಟಿಯಿರಲು ಮಾತ್ರೆಯ ಹಂಗು ಬೇಕಿರಲಿಲ್ಲ. ಇಷ್ಟಕ್ಕೇ ಗಮನಿಕೆಯ ಅಧ್ಯಯನಗಳನ್ನು ತಳ್ಳಿಹಾಕುವುದು ದುಡುಕು. ಚೀಟಿ ಎತ್ತಿ ಯಾರಿಗೂ ಸಿಗರೇಟು ಸೇದಿಸಲಾಗದು. ತಂಬಾಕು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆಂದು ತಿಳಿದದ್ದು ಮುಖ್ಯವಾಗಿ ಅಂಥ ಅಧ್ಯಯನಗಳಿಂದಲೇ.

ಷರತ್ತುಗಳು ಕಳಚುವುದು ಪತ್ರಿಕಾ ಕಚೇರಿಗಳಲ್ಲಿ ಮಾತ್ರವೇ? ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳು ಹೊರಡಿಸಿದ 462 ಪತ್ರಿಕಾ ಪ್ರಕಟಣೆಗಳನ್ನು ಮೂಲ ಪ್ರಬಂಧಗಳೊಡನೆ ಹೋಲಿಸಿದ ಪರಿಶೀಲನೆಯೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಶೇ. 40ರಷ್ಟು ಪ್ರಕಟಣೆಗಳು ಪ್ರಬಂಧ ಹೇಳಿದ್ದಕ್ಕಿಂತ ಮುಂದೆ ಹೋಗಿ ಜನರಿಗೆ ಸಲಹೆ ಕೊಟ್ಟಿದ್ದವು. ಪ್ರಕಟಣೆಯಲ್ಲಿ ಉತ್ಪ್ರೇಕ್ಷೆಯಿದ್ದಾಗ ಸುದ್ದಿಯಲ್ಲೂ ಅದು ಕಾಣಿಸಿಕೊಳ್ಳುವ ಸಂಭವ ಬಹಳ ಹೆಚ್ಚಿತ್ತು. ಹಾಗೆ ಉಬ್ಬಿಸಿ ಬರೆದದ್ದರಿಂದ ಹೆಚ್ಚು ಪ್ರಚಾರ ಸಿಕ್ಕಿತೆನ್ನಲು ಮಾತ್ರ ಆಧಾರ ಕಾಣಲಿಲ್ಲ.