ಮತ ಹಾಕಿದರೆ ಸಾಕೇ?



ನವೆಂಬರಿನಲ್ಲಿ ಮತ ಹಾಕಿ ಬಂದರೆ ಪ್ರಜೆಯಾಗಿ ನಮ್ಮ ಕರ್ತವ್ಯ ಮುಗಿಯಿತೇ? ಅಭ್ಯರ್ಥಿಯನ್ನು ಯಾರು ಆರಿಸಿದರು ಎಂದು ಕೇಳಿದರೆ "ಪಾರ್ಟಿಯವರು" ಎಂದುಬಿಡುತ್ತೇವೆ. ಆ ಪಾರ್ಟಿಯವರು ಯಾರು? ನಾವಿರುವ ಮಿನ್ನೆಸೋಟದಲ್ಲಿ ಉತ್ತರ ಸರಳ: ಕಾಕಸ್‌ಗೆ ಹೋಗಿ ಕೂತವರು.

ಸಮಸಂಖ್ಯೆಯ ವರ್ಷಗಳಲ್ಲಿ, ಚಳಿಗಾಲದ ಒಂದು ಸಂಜೆ 7 ಗಂಟೆಗೆ, ರಿಪಬ್ಲಿಕನ್ ಪಕ್ಷದವರೂ ಡಿ.ಎಫ್.ಎಲ್. ಎಂದು ಇಲ್ಲಿ ಕರೆಯುವ ಡೆಮೊಕ್ರಾಟಿಕ್ ಪಕ್ಷದವರೂ ಬೇರೆ ಬೇರೆಯಾಗಿ ಸಭೆ ಸೇರುತ್ತಾರೆ. ಅಕ್ಕಪಕ್ಕದ ಬೀದಿಗಳವರು ಸೇರಿ ಒಂದು ಪ್ರಿಸಿಂಕ್ಟ್. ಹೆಸರು ಬರೆದು ಸಹಿ ಹಾಕಿ ಕೂತ ಮೇಲೆ ಮುಖ್ಯವಾಗಿ ಮೂರು ಕೆಲಸ: ಪ್ರಿಸಿಂಕ್ಟಿನ ಪದಾಧಿಕಾರಿಗಳನ್ನು ಆರಿಸುವುದು, ಮುಂದಿನ ಸಮ್ಮೇಳನಕ್ಕೆ ಡೆಲಿಗೇಟುಗಳನ್ನು ಕಳಿಸುವುದು, ನಿರ್ಣಯಗಳನ್ನು ಚರ್ಚಿಸುವುದು. ಬಂದವರು ಯಾರೇ ಆಗಲಿ, ಒಂದು ಹಾಳೆಯಲ್ಲಿ ನಿರ್ಣಯ ಬರೆದು ಮಂಡಿಸಬಹುದು. ಶಾಸಕ, ಗವರ್ನರ್ ಮುಂತಾದ ಸ್ಥಾನಗಳಿಗೆ ಪಕ್ಷದ ಬೆಂಬಲ ಯಾರಿಗೆ ಎಂಬ ದಾರಿ ಶುರುವಾಗುವುದೂ ಇಲ್ಲಿಂದಲೇ. 2020ರಿಂದ ರಾಷ್ಟ್ರಾಧ್ಯಕ್ಷರ ಅಭ್ಯರ್ಥಿಗೆ ಬೇರೆ ಪ್ರೈಮರಿ ಬಂದಿದೆ. ಉಳಿದ ಈ ಕೆಲಸಗಳು ಕಾಕಸ್‌ನಲ್ಲೇ ಉಳಿದಿವೆ.

ಕಾನೂನಿನ ಪ್ರಕಾರ ನವೆಂಬರಿನಲ್ಲಿ ಮತ ಹಾಕುವ ಅರ್ಹತೆ ಇರುವವರಿಗೆ ಇಲ್ಲಿ ಸ್ಥಾನವಿದೆ. ಅಷ್ಟರಲ್ಲಿ 18 ತುಂಬುವ ನಮ್ಮ ಮಕ್ಕಳಿಗೂ ಇದೆ.

ಬಾಗಿಲು ತೆರೆದಿದೆ, ಬಾರದಿದ್ದರೆ ಅದು ಅವರವರ ತಪ್ಪು ಎನ್ನಬಹುದೇ? ಎನ್ನಲಾಗದು ಎಂದು ನನ್ನ ಅಭಿಪ್ರಾಯ. ಸಭೆಯ ಕ್ರಮ ಬಲ್ಲವರು ಹತ್ತು ಜನ, ಅರಿಯದವರು ನೂರು ಜನ ಇದ್ದರೆ ನಡೆಯುವುದು ಹತ್ತು ಜನರ ಮಾತೇ. ಅವರು ಮೋಸ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಆದ್ದರಿಂದ ಕ್ರಮವನ್ನು ಕಲಿಸುವುದೆಂದರೆ ಅಧಿಕಾರವನ್ನು ಹಂಚಿಕೊಳ್ಳುವುದು. ಬಲ್ಲವರು ಹೇಳಿಕೊಡದಿರುವುದು ಬರೀ ಉದಾಸೀನವಲ್ಲ, ಅನ್ಯಾಯವೂ ಹೌದು.

ಇದಕ್ಕೆ ಎರಡು ಆಕ್ಷೇಪಣೆಗಳುಂಟು. ಸಂಘದೊಳಗೆ ರಾಜಕೀಯ ಬೇಡ ಎಂಬುದು ಮೊದಲನೆಯದು. ಯಾರನ್ನು ಬೆಂಬಲಿಸಬೇಕೆಂದು ಹೇಳುವುದು ಬೇರೆ, ಹೇಗೆ ಭಾಗವಹಿಸಬೇಕೆಂದು ತೋರಿಸುವುದು ಬೇರೆ. ತೆರಿಗೆ ವಿನಾಯಿತಿ ಪಡೆದ 501(ಸಿ)(3) ಸಂಘಗಳು ಅಭ್ಯರ್ಥಿಯ ಪರ ಪ್ರಚಾರ ಮಾಡುವಂತಿಲ್ಲ. ಪಕ್ಷಪಾತವಿಲ್ಲದ ಮತದಾರರ ಶಿಕ್ಷಣಕ್ಕೆ ಅಡ್ಡಿಯಿಲ್ಲ. ಎರಡೂ ಪಕ್ಷಗಳ ಕ್ರಮವನ್ನು ಸಮನಾಗಿ ಹೇಳಿಕೊಟ್ಟರಾಯಿತು.

ಎರಡನೆಯದು ಗಟ್ಟಿಯಾದದ್ದು. ರಾತ್ರಿ ಪಾಳಿಯ ನರ್ಸ್, ಕೈಗೂಸಿನ ತಾಯಿ, ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರು ಆ ಸಂಜೆ ಎಲ್ಲಿಗೆ ಹೋದಾರು? ಹತ್ತು ದಿನ ಮುಂಚೆ ಬರೆದುಕೊಟ್ಟರೆ ಕೆಲಸದಿಂದ ಬಿಡುವು ಕೊಡಲೇಬೇಕೆಂದು ಇಲ್ಲಿ ಕಾನೂನಿದೆ. ಆದರೆ ಆ ಹೊತ್ತಿನ ಸಂಬಳ ಹೋಗಬಹುದು. ಎಷ್ಟೇ ಕಲಿಸಿದರೂ ಈ ಕೊರತೆ ತುಂಬುವುದಿಲ್ಲ. ಹಾಗಾಗಿ ಹೋಗಬಲ್ಲವರಿಗೆ ಇನ್ನೊಂದು ಹೊಣೆ ಸೇರುತ್ತದೆ: ಹೋಗಲಾರದವರನ್ನು ಮೊದಲು ವಿಚಾರಿಸಿ, ಅವರ ಕಷ್ಟವನ್ನೂ ಸಭೆಯ ಮುಂದಿಡುವುದು.

ನಮಗೆ ಇದು ತೀರ ಹೊಸದೂ ಅಲ್ಲ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯಿದೆಯಲ್ಲಿ ಗ್ರಾಮ ಸಭೆಗೆ ಸ್ಥಾನವಿದೆ. ಅದು ಪಕ್ಷದ ಸಭೆಯಲ್ಲ, ನಿಜ. ಆದರೆ ನೆರೆಯವರ ಎದುರು ಎದ್ದು ನಿಂತು ಮಾತಾಡುವ ಅಳುಕು ಅಲ್ಲೂ ಇಲ್ಲೂ ಒಂದೇ. "ಊರ ಉಸಾಬರಿ ನಮಗ್ಯಾಕೆ" ಎಂಬ ಮಾತನ್ನೂ ನಾವು ಅಲ್ಲಿಂದಲೇ ತಂದಿದ್ದೇವೆ!

ಅಳುಕು ಹೋಗುವುದು ಅಭ್ಯಾಸದಿಂದ. ಮುಂದಿನ ಕಾಕಸ್ ವರ್ಷದ ಸಂಕ್ರಾಂತಿ ಕೂಟದಲ್ಲಿ, ಎಳ್ಳು-ಬೆಲ್ಲ ಹಂಚಿದ ಮೇಲೆ, ಒಂದು ಗಂಟೆ ಅಣಕು ಕಾಕಸ್ ನಡೆಸೋಣ. ಹೈಸ್ಕೂಲಿನ ಮಕ್ಕಳೇ ಅಧ್ಯಕ್ಷತೆ ವಹಿಸಲಿ. ನಿರ್ಣಯ: ಒಬ್ಬಟ್ಟು ಎನ್ನಬೇಕೋ, ಹೋಳಿಗೆ ಎನ್ನಬೇಕೋ? ಸೂಚಕರು, ಅನುಮೋದಕರು, ತಿದ್ದುಪಡಿ, ಕೈ ಎತ್ತುವುದು, ಎಲ್ಲವೂ ಆಗಲಿ. ಅಲ್ಲಿ ಎದ್ದು ಮಾತಾಡಿದವರು ಫೆಬ್ರವರಿಯಲ್ಲಿ ತಮ್ಮ ಬೀದಿಯವರ ಮುಂದೆಯೂ ಮಾತಾಡಿಯಾರು. ಯಾವ ಪಕ್ಷದ ಕೋಣೆಗೆ ಹೋಗುತ್ತಾರೆಂಬುದು ಅವರಿಗೆ ಬಿಟ್ಟದ್ದು.