ಕಕ್ಕಸಿನ ಹಗ್ಗ



ಧಮ್ಮ ಬಂಧುಗಳೇ, ವಿನಯಪಿಟಕದ ಚುಲ್ಲವಗ್ಗದಲ್ಲಿ ಸಣ್ಣಪುಟ್ಟ ಸಂಗತಿಗಳಿಗೆಂದೇ ಒಂದು ಅಧ್ಯಾಯವಿದೆ. ಪಾಳಿಯಲ್ಲಿ ಅದನ್ನು ಖುದ್ದಕವತ್ಥು ಎನ್ನುತ್ತಾರೆ. ಧ್ಯಾನ, ನಿಬ್ಬಾಣ ಎಂದು ಹುಡುಕಿಕೊಂಡು ಬಂದವರು ಸಾಮಾನ್ಯವಾಗಿ ಅದರ ಪುಟ ಮಗುಚಿ ಮುಂದೆ ಹೋಗುತ್ತಾರೆ. ಅಲ್ಲಿ ವಿಹಾರದ ಕಕ್ಕಸಿನ ವಿಚಾರ ಬರುತ್ತದೆ. ಗುಂಡಿಯ ಅಂಚು ಕುಸಿಯಿತು ಎಂದರೆ ಕಟ್ಟೆ ಕಟ್ಟಲು ಬುದ್ಧರು ಅನುಮತಿ ಕೊಡುತ್ತಾರೆ. ಕಟ್ಟೆ ತಗ್ಗಾಗಿ ನೀರು ನುಗ್ಗಿತು, ಎತ್ತರಿಸಿ ಎನ್ನುತ್ತಾರೆ. ಎತ್ತರಿಸಿದ ಮೇಲೆ ಹತ್ತುವುದು ಕಷ್ಟವಾಯಿತು, ಮೆಟ್ಟಿಲು ಬಂತು. ಮೆಟ್ಟಿಲು ಹತ್ತುವಾಗ ಬಿದ್ದರು, ಪಕ್ಕಕ್ಕೆ ಹಿಡಿಕೆ ಬಂತು. ಮುಪ್ಪಿನಿಂದ ಬಲ ಕುಂದಿದ ಒಬ್ಬ ಭಿಕ್ಕು ಕೂತು ಏಳುವಾಗ ಬಿದ್ದುಬಿಟ್ಟ. ಮಾತು ತಥಾಗತರ ಕಿವಿಗೆ ಬಿತ್ತು. ಹಿಡಿದುಕೊಂಡು ಏಳಲು ಒಂದು ಹಗ್ಗ ಇಳಿಬಿಡಲು ಅವರು ಅನುಮತಿ ಕೊಟ್ಟರು.

ಆ ಭಿಕ್ಕುವಿಗೆ ಬುದ್ಧರು ಅನಿತ್ಯದ ಪಾಠ ಹೇಳಿದರೆಂದು ಅಲ್ಲಿ ಎಲ್ಲೂ ಬರೆದಿಲ್ಲ. ಹಗ್ಗ ಕಟ್ಟಿಸಿದ್ದಷ್ಟೇ ಇದೆ.

ಈ ಪ್ರಸಂಗ ನೆನಪಾಗಲು ಕಾರಣ ನಮ್ಮ ಬಳಗದಲ್ಲೇ ಎದ್ದ ಒಂದು ಪ್ರಶ್ನೆ. ತಂದೆಗೆ ಪಾರ್ಕಿನ್ಸನ್ ಎಂದು ಗೊತ್ತಾದ ಮಗನೊಬ್ಬ ಕೇಳಿದ: "ಸರ, ಈ ಬ್ಯಾನಿ ಮುಂದಕ್ಕ ಹೋಗೋದ ಅದ ಅಂತ ಡಾಕ್ಟ್ರು ಹೇಳ್ಯಾರ. ಎಲ್ಲಾ ಅನಿತ್ಯ ಅಂದಮ್ಯಾಲ ಈಗ ಬಚ್ಚಲ ಒಡದು ಕಟ್ಟೋದು ಆಸೇನ ಅಲ್ಲೇನ್ರಿ?" ಪ್ರಶ್ನೆ ಪ್ರಾಮಾಣಿಕವಾದದ್ದು. ಅದರ ಹಿಂದೆ ದುಡ್ಡಿನ ಚಿಂತೆಯೂ ಇದೆ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಆದರೆ ಅನಿತ್ಯ ಎಂಬ ಮಾತನ್ನು ನಾವು ಏನೂ ಮಾಡದಿರಲು ನೆಪವಾಗಿ ಬಳಸಿದರೆ ಅದು ಹಣೆಬರಹದ ಇನ್ನೊಂದು ಹೆಸರಾಗುತ್ತದೆ. ಹಣೆಬರಹ ಎಂದು ನಮ್ಮ ಹಿಂದಿನವರನ್ನು ಎಷ್ಟು ಕಾಲ ಸುಮ್ಮನಿರಿಸಿದರು ಎಂಬುದು ನಮಗೆ ಗೊತ್ತಿರುವುದೇ.

ಅನಿತ್ಯವನ್ನು ನಿಜವಾಗಿ ಒಪ್ಪಿದವನು ಇವತ್ತಿನ ಕಾಲು ನಾಳೆಗೆ ಇರುವುದಿಲ್ಲ ಎಂದು ಲೆಕ್ಕ ಹಾಕುತ್ತಾನೆ. ಇಂದು ಗೋಡೆ ಹಿಡಿದು ನಡೆಯುವವರು ಮುಂದೆ ಕೋಲು ಹಿಡಿದಾರು, ಆಮೇಲೆ ಕುರ್ಚಿಯ ಮೇಲೆ ಕೂತೇ ಸ್ನಾನ ಮಾಡಿಯಾರು. ಔಷಧಿ ಈ ಕಾಯಿಲೆಯ ನಡುಕ, ಬಿಗಿತಗಳನ್ನು ತಗ್ಗಿಸುತ್ತದೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಹಾಗಾಗಿ ಒಂದೇ ಸಲ ಕಟ್ಟಿ ಮುಗಿಸುವ ಬಚ್ಚಲು ಇದಲ್ಲ. ಬದಲಿಸಲು ಬರುವಂತೆ ಕಟ್ಟಬೇಕು. (2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಪಾರ್ಕಿನ್ಸನ್ ಕೂಡ ಇದೆ. ಅದನ್ನು ವಯಸ್ಸಿನ ನಡುಕ ಎಂದು ಬಿಟ್ಟವರು ಗಮನಿಸಬೇಕು.)

ನಮ್ಮ ಕವಿತಾಳದ ಮನೆಗಳ ಬಚ್ಚಲು ನಿಮಗೆ ಗೊತ್ತು. ಕೆಳಗೆ ಶಹಾಬಾದ್ ಕಲ್ಲು, ಸೋಪಿನ ನೀರು ಬಿದ್ದರೆ ಗಾಜಿನಂತೆ ಜಾರುತ್ತದೆ. ನೀರು ಹೊರಗೆ ಬರಬಾರದೆಂದು ಅಡ್ಡಕ್ಕೆ ಒಂದು ಗಿಡ್ಡ ಕಟ್ಟೆ. ಬಾಗಿಲು ಇಕ್ಕಟ್ಟು, ತೆರೆಯುವುದು ಒಳಗಡೆಗೆ. ಒಳಗೆ ಯಾರಾದರೂ ಬಿದ್ದರೆ ಅವರ ದೇಹವೇ ಬಾಗಿಲಿಗೆ ಅಡ್ಡವಾಗುತ್ತದೆ, ಹೊರಗಿನವರು ನೂಕಿದಷ್ಟೂ ಅವರಿಗೇ ಪೆಟ್ಟು. ತಿರುಪು ಬಿಚ್ಚಿ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಮಾಡುವುದು ಬಡಗಿಗೆ ಹೆಚ್ಚು ಹೊತ್ತಿನ ಕೆಲಸವಲ್ಲ. ಚಿಲಕವೂ ಹೊರಗಿನಿಂದ ತೆಗೆಯಲು ಬರುವಂತಿರಬೇಕು. ಪಾರ್ಕಿನ್ಸನ್ ಇರುವವರ ಪಾದ ಬಾಗಿಲ ಬಳಿ ನೆಲಕ್ಕೆ ಅಂಟಿದಂತೆ ನಿಂತುಬಿಡುವುದುಂಟು. ಮನೆಯವರು "ಹೆಜ್ಜಿ ಇಡು, ಹೆಜ್ಜಿ ಇಡು" ಎಂದು ಕೂಗಿದರೆ ಇನ್ನಷ್ಟು ಗಟ್ಟಿಯಾಗುತ್ತದೆ. ಅದೇ ನೆಲಕ್ಕೆ ಬಣ್ಣದ ಪಟ್ಟಿ ಅಂಟಿಸಿ, ದಾಟಲು ಹೇಳಿದರೆ ಹಲವರಿಗೆ ಕಾಲು ಏಳುತ್ತದೆ. ಟವೆಲ್ ಹಾಕುವ ಸರಳನ್ನು ಆಸರೆ ಎಂದು ನಂಬಬೇಡಿ, ಮೈಭಾರ ಬಿದ್ದರೆ ಅದು ಗೋಡೆಯ ಸಿಮೆಂಟಿನ ಸಮೇತ ಕೈಗೆ ಬರುತ್ತದೆ. ಗಟ್ಟಿ ಗೋಡೆಗೆ ಬೋಲ್ಟು ಹಾಕಿ ಕೂರಿಸಿದ ಪೈಪು ಬೇಕು. ಕೂತಲ್ಲಿಂದ ತಟ್ಟನೆ ಎದ್ದರೆ ಕೆಲವರಿಗೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಡುತ್ತದೆ, ಪೈಪು ಹಿಡಿದು ತುಸು ಹೊತ್ತು ಕೂತೇ ಇದ್ದು ಏಳಲಿ.

ಇದೆಲ್ಲ ಗೌಂಡಿ, ಬಡಗಿಗಳ ಕೆಲಸ. ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ.

ಒಳ್ಳೆಯ ರೋಗಿಯ ಗುಣಗಳನ್ನು ವಿನಯದಲ್ಲಿ ಹೇಳುವಾಗ, ಕಾಯಿಲೆ ಹೆಚ್ಚಿದರೆ ಹೆಚ್ಚಿದೆ, ಇಳಿದರೆ ಇಳಿದಿದೆ, ಇದ್ದ ಹಾಗೇ ಇದ್ದರೆ ಹಾಗೇ ಇದೆ ಎಂದು ಇದ್ದದ್ದನ್ನು ಇದ್ದಂತೆ ಹೇಳುವುದನ್ನೂ ಸೇರಿಸಿದ್ದಾರೆ. ಕೇಳಲು ಸುಲಭ. ಆದರೆ ನಮ್ಮ ಹಿರಿಯರು ಬಚ್ಚಲಲ್ಲಿ ಬಿದ್ದು ಮಂಡಿ ತರಚಿಕೊಂಡರೂ "ಏನಿಲ್ಲ ಬಿಡ್ರಿ" ಎನ್ನುತ್ತಾರೆ. ಯಾಕೆ? ನಿಜ ಹೇಳಿದ ದಿನವೇ ಒಬ್ಬರೇ ಸ್ನಾನ ಮಾಡುವುದು ಬಂದ್ ಆಗುತ್ತದೆ ಎಂಬ ಭಯ. ಬಟ್ಟೆ ಬಿಚ್ಚಿ ಮಗನ ಮುಂದೆ, ಸೊಸೆಯ ಮುಂದೆ ನಿಲ್ಲಬೇಕಾಗುತ್ತದೆ. ನಿಜ ಹೇಳಿದವನಿಗೆ ಶಿಕ್ಷೆ ಕಾದಿರುವ ಮನೆಯಲ್ಲಿ ಸತ್ಯ ನುಡಿ ಎಂದು ರೋಗಿಗೆ ಉಪದೇಶ ಮಾಡುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಆ ಸತ್ಯ ಅರ್ಧ ಅವರದು, ಇನ್ನರ್ಧ ನಮ್ಮದು. "ಬಿದ್ದೆ" ಎಂದರೆ ಮನೆಯವರು ಇನ್ನೊಂದು ಪೈಪು ಹಾಕಿಸುತ್ತಾರೆ, ತನ್ನನ್ನು ಮೂಲೆಗೆ ಕೂರಿಸುವುದಿಲ್ಲ ಎಂಬ ನಂಬಿಕೆ ಹುಟ್ಟಿದರೆ ಯಾರೂ ಮುಚ್ಚಿಡುವುದಿಲ್ಲ.

ಇದರ ಇನ್ನೊಂದು ಮುಖವೂ ಇದೆ. ಇನ್ನೂ ನಡೆಯುತ್ತಿರುವವರ ಮುಂದೆ ಕಮೋಡ್ ಕುರ್ಚಿ ತಂದಿಟ್ಟರೆ ಅದು ತೀರ್ಪಿನಂತೆ ಕಾಣುತ್ತದೆ. ಬೇಕಾಗುವ ಮೊದಲೇ ತರಬೇಕು ಎಂಬುದೂ ಸರಿ, ಬೇಕಾಗುವ ಮೊದಲು ತಂದರೆ ನೋವಾಗುತ್ತದೆ ಎಂಬುದೂ ಸರಿ. ಇದಕ್ಕೆ ಸೂತ್ರವಿಲ್ಲ. ಅವರಿಗೆ ಗೊತ್ತಿಲ್ಲದೆ ತರಬಾರದು ಎಂಬುದನ್ನಷ್ಟೇ ನಾನು ಖಚಿತವಾಗಿ ಹೇಳಬಲ್ಲೆ.

ಕೆಲವರು "ಅತ್ತ ದೀಪ" ಎಂಬ ಮಾತನ್ನು ತಂದು, ಬೌದ್ಧರು ಯಾರನ್ನೂ ಆಸರೆ ಹಿಡಿಯಬಾರದು ಎನ್ನುತ್ತಾರೆ. ಮಹಾಪರಿನಿಬ್ಬಾಣ ಸುತ್ತವನ್ನು ಪೂರ್ತಿ ಓದಿದರೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಆ ಮಾತಿಗೆ ಸ್ವಲ್ಪ ಮುಂಚೆ, ಎಂಬತ್ತರ ಬುದ್ಧರು ತಮ್ಮ ದೇಹವನ್ನು ಪಟ್ಟಿ ಬಿಗಿದು ಹೇಗೋ ಓಡಿಸುವ ಹಳೆಯ ಬಂಡಿಗೆ ಹೋಲಿಸಿಕೊಳ್ಳುತ್ತಾರೆ. 1956ರ ಅಕ್ಟೋಬರ್ 14ರಂದು ನಾಗಪುರದ ವೇದಿಕೆಗೆ ಬಂದ ಬಾಬಾಸಾಹೇಬರ ಒಂದು ಕೈಯಲ್ಲಿ ಕೋಲಿತ್ತು, ಇನ್ನೊಂದು ಕೈ ನಾನಕ್ ಚಂದ್ ರತ್ತು ಅವರ ಹೆಗಲ ಮೇಲಿತ್ತು. ಸಕ್ಕರೆ ಕಾಯಿಲೆ, ಕಾಲುನೋವು ಅವರನ್ನು ಅಷ್ಟು ಹಣ್ಣು ಮಾಡಿತ್ತು. ಆ ಹೆಗಲಿನಿಂದಾಗಿ ಅವರ ನಿಲುವು ಕಡಿಮೆಯಾಯಿತೇ?

ಇನ್ನು ಯಾರೂ ಬಾಯಿಬಿಟ್ಟು ಆಡದ ಮಾತು. ಮಹಾವಗ್ಗದಲ್ಲಿ ಭೇದಿಯಿಂದ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಭಿಕ್ಕುವಿನ ಕಥೆ ಇದೆ. ಅವನು ನಮಗೆ ಯಾವ ಉಪಯೋಗಕ್ಕೂ ಬರುವವನಲ್ಲ, ಅದಕ್ಕೇ ನೋಡಿಕೊಳ್ಳಲಿಲ್ಲ ಎಂಬುದು ಉಳಿದ ಭಿಕ್ಕುಗಳ ಉತ್ತರ. ಬುದ್ಧರು ತಾವೇ ನೀರು ಹಾಕಿದರು, ಆನಂದ ತೊಳೆದ. ಬುದ್ಧರು ತಲೆ ಹಿಡಿದರು, ಆನಂದ ಕಾಲು ಹಿಡಿದ, ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು. ರೋಗಿಯನ್ನು ನೋಡಿಕೊಳ್ಳುವವನಿಗೆ ಮಲ, ಮೂತ್ರ, ವಾಂತಿ ಎತ್ತಲು ಹೇಸಿಗೆ ಇರಬಾರದು ಎಂಬುದೂ ಅಲ್ಲಿಯೇ ಇದೆ. ಈ ದೇಶ ಆ ಕೆಲಸವನ್ನು ಕೆಲವು ಜಾತಿಗಳ ತಲೆಗೆ ಕಟ್ಟಿ, ಅದಕ್ಕಾಗಿ ಅವರನ್ನೇ ಹೊಲಸು ಎಂದಿತು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿ ನಮ್ಮ ರಾಜ್ಯದಲ್ಲಿ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಆದರೂ 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು.

ಹಾಗಿರುವಾಗ, ಮನೆಯಲ್ಲಿ ಅಪ್ಪನ ಕಮೋಡಿನ ಡಬ್ಬಿ ತೊಳೆಯಲು ಯಾರನ್ನಾದರೂ ಕರೆಸಿದರಾಯಿತು ಎಂದು ನಮ್ಮ ಹುಡುಗರೇ ಹೇಳಿದಾಗ, ಯಾರನ್ನು, ಯಾವ ಕೇರಿಯಿಂದ ಎಂದು ಕೇಳಬೇಕೆನಿಸುತ್ತದೆ. ಬಲವಂತದಿಂದ ಬೇರೆಯವರ ಮಲ ಹೊರುವುದು ಗುಲಾಮಗಿರಿ. ಹೆತ್ತವರದನ್ನು ತೊಳೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡಕ್ಕೂ ಒಂದೇ ಹೇಸಿಗೆ ಪಡುತ್ತೇವೆಂದರೆ ಮನುವಿನ ಹೇಸಿಗೆ ಇನ್ನೂ ನಮ್ಮೊಳಗಿದೆ ಎಂದೇ ಅರ್ಥ. ಮನೆಯೊಳಗೂ ಈ ಕೆಲಸ ಸೊಸೆ ಒಬ್ಬಳ ಪಾಲಿಗೆ ಬೀಳುತ್ತಿದ್ದರೆ ಅದೂ ಹುಟ್ಟಿನಿಂದ ಬಂದ ಕಸುಬೇ ಆಯಿತು. ದಿನಕ್ಕೆ ನಾಲ್ಕು ಸಲ ದೊಡ್ಡವರೊಬ್ಬರನ್ನು ರಟ್ಟೆ ಹಿಡಿದು ಎಬ್ಬಿಸಿದರೆ ಅವಳ ಸೊಂಟವೂ ಹೋಗುತ್ತದೆ. ಗೋಡೆಯ ಪೈಪು ಅವಳಿಗಾಗಿಯೂ ಬೇಕು.

ಆ ಮಗನಿಗೆ ನಾನು ಇಷ್ಟೇ ಹೇಳಿದೆ: ಗೌಂಡಿಯನ್ನು ಕರೆಸು, ಆದರೆ ಪೈಪಿನ ಎತ್ತರ ನೀನು ಹೇಳಬೇಡ. ಅಪ್ಪನನ್ನು ಕುರ್ಚಿಯ ಮೇಲೆ ಕೂರಿಸಿ, ಏಳುವಾಗ ಅವರ ಕೈ ಗೋಡೆಯ ಮೇಲೆ ಎಲ್ಲಿಗೆ ಹೋಗುತ್ತದೋ ನೋಡು. ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಲು ಅವರಿಗೇ ಕೊಡು.

ಭಾನುವಾರದ ಓದಿಗೆ ಮಹಾವಗ್ಗದ ಚೀವರಕ್ಖಂಧಕದಲ್ಲಿರುವ ಆ ರೋಗಿ ಭಿಕ್ಕುವಿನ ಪ್ರಸಂಗ. ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿರುವ ತಾಯಂದಿರು ಬಿಡುವು ಮಾಡಿಕೊಂಡು ಬರಬೇಕು. ಆ ಹೊತ್ತು ರೋಗಿಯ ಬಳಿ ಮನೆಯ ಗಂಡಸರು ಕೂರಲಿ.

ಜೈ ಭೀಮ್.