ಚಪ್ಪರ ಬದಲಾದ ಮೇಲೆ

2021ನೆಯ ಇಸವಿಯ ಮೇ ತಿಂಗಳ ಕೊನೆ. ಬೆಂಗಳೂರಿನಲ್ಲಿ ಸಾಂಕ್ರಾಮಿಕದ ಎರಡನೆಯ ಅಲೆ ಇನ್ನೂ ಪೂರ್ತಿಯಾಗಿ ಇಳಿದಿರಲಿಲ್ಲ. ಹಾಲಿಗೋ ತರಕಾರಿಗೋ ಬಾಗಿಲು ತೆರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ರಾತ್ರಿ ಆಂಬ್ಯುಲೆನ್ಸಿನ ಕೂಗು ಯಾವ ಬೀದಿಯ ಕಡೆಯಿಂದ ಬಂತೆಂದು ಕಿವಿಗೊಟ್ಟು ಮಲಗುವುದು ಮನೆಮಂದಿಗೆಲ್ಲ ರೂಢಿಯಾಗಿತ್ತು. ಅಂಥ ಒಂದು ರಾತ್ರಿ, ಹನ್ನೆರಡೂವರೆ ಗಂಟೆಯ ಹೊತ್ತಿಗೆ, ನಾನೂ ನನ್ನ ಮಗನೂ ಟೆಲಿವಿಷನ್ನಿನ ಮುಂದೆ ಕುಳಿತು ಫುಟ್‌ಬಾಲ್ ನೋಡಿದೆವು. ಆ ಆಟದ ಒಳಮರ್ಮಗಳು ನನಗೆ ತಿಳಿಯವು. ನಿದ್ದೆ ಬಾರದವನಿಗೆ ಯಾವ ಆಟವಾದರೇನು?

ಆಡುತ್ತಿದ್ದವರು ಇಂಗ್ಲೆಂಡಿನ ಎರಡು ತಂಡಗಳು: ಚೆಲ್ಸಿ ಮತ್ತು ಮ್ಯಾಂಚೆಸ್ಟರ್ ಸಿಟಿ. ಆಟ ನಡೆಯಬೇಕಾಗಿದ್ದುದು ಟರ್ಕಿಯ ಇಸ್ತಾಂಬುಲಿನಲ್ಲಿ; ನಡೆಯುತ್ತಿದ್ದುದು ಪೋರ್ಚುಗಲ್ಲಿನ ಪೋರ್ಟೊ ನಗರದಲ್ಲಿ. “ಹೆಣ್ಣಿನವರೂ ಗಂಡಿನವರೂ ಇಂಗ್ಲೆಂಡಿನವರು, ಛತ್ರ ಗೊತ್ತುಮಾಡಿದ್ದು ಟರ್ಕಿಯಲ್ಲಿ, ಧಾರೆ ಎರೆಯುವುದು ಪೋರ್ಚುಗಲ್ಲಿನಲ್ಲಿ. ಚೆನ್ನಾಗಿದೆಯಲ್ಲಪ್ಪ!” ಎಂದ ಮಗ. ಅವನು ಹಾಸ್ಯಕ್ಕೆಂದು ಆಡಿದ ಮಾತು. ನನಗೆ ಮಾತ್ರ ನಗು ಬರಲಿಲ್ಲ. ಅದಕ್ಕೊಂದು ಕಾರಣವಿತ್ತು; ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆ ಪಂದ್ಯದ ಕಥೆ. ಯೂರೋಪಿನ ಕ್ಲಬ್ಬುಗಳಲ್ಲೆಲ್ಲ ಶ್ರೇಷ್ಠ ಯಾವುದೆಂದು ತೀರ್ಮಾನಿಸುವ ಚಾಂಪಿಯನ್ಸ್ ಲೀಗಿನ ಅಂತಿಮ ಪಂದ್ಯ ಅದು. ಐರೋಪ್ಯ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ ಇದಕ್ಕೆ ಯಾವ ಊರು ಆತಿಥೇಯ ಎಂಬುದನ್ನು ಮೊದಲೇ ಗೊತ್ತುಮಾಡುತ್ತದೆ. 2020ರ ಪಂದ್ಯ ಇಸ್ತಾಂಬುಲಿನ ಅತಾತುರ್ಕ್ ಕ್ರೀಡಾಂಗಣಕ್ಕೆ ಸಂದಿತ್ತು. 2005ರಲ್ಲಿ ಮೂರು ಗೋಲು ಹಿಂದಿದ್ದ ಲಿವರ್‌ಪೂಲ್ ತಂಡ ಸರಿಗಟ್ಟಿ, ಮಿಲಾನನ್ನು ಕೊನೆಗೆ ಪೆನಾಲ್ಟಿಗಳಲ್ಲಿ ಸೋಲಿಸಿದ ಸ್ಥಳವೇ ಅದು. ಆದರೆ ಪಿಡುಗು ಬಂತು. ಪಂದ್ಯ ಲಿಸ್ಬನ್ನಿಗೆ ಹೋಯಿತು. ಪ್ರೇಕ್ಷಕರಿಲ್ಲದ ಬಯಲಿನಲ್ಲಿ ಆಗಸ್ಟ್ 23ರಂದು ಬಾಯರ್ನ್ ಮ್ಯೂನಿಕ್ ಗೆದ್ದಿತು. ಇಸ್ತಾಂಬುಲಿಗೆ, “ಈ ಸಲ ತಪ್ಪಿತು, ಬರುವ ವರ್ಷ ನಿಮ್ಮದೇ” ಎಂದಾಯಿತು. ಅದಕ್ಕಾಗಿ ಅದರ ಹಿಂದೆ ಸರದಿಯಲ್ಲಿದ್ದ ಊರುಗಳೆಲ್ಲ ಒಂದೊಂದು ವರ್ಷ ಹಿಂದಕ್ಕೆ ಸರಿದುವು.

ಬರುವ ವರ್ಷವೂ ಬಂತು. ಮೇ ಮೊದಲ ವಾರದಲ್ಲಿ, ಕಡೆಗೆ ಉಳಿದ ಎರಡೂ ತಂಡಗಳು ಇಂಗ್ಲೆಂಡಿನವೇ ಎಂದು ಗೊತ್ತಾಯಿತು. ಟರ್ಕಿ ಆಗ ದೇಶದುದ್ದಕ್ಕೂ ಬಾಗಿಲು ಹಾಕಿಕೊಂಡಿತ್ತು. ಮೇ 7ರಂದು ಬ್ರಿಟಿಷ್ ಸರ್ಕಾರ ಟರ್ಕಿಯನ್ನು ತನ್ನ ಕೆಂಪು ಪಟ್ಟಿಗೆ ಸೇರಿಸಿತು. ಆ ಪಟ್ಟಿಯ ದೇಶಕ್ಕೆ ಹೋಗಿ ಬಂದವನು ಸರ್ಕಾರ ಗೊತ್ತುಮಾಡಿದ ಹೋಟೆಲಿನಲ್ಲಿ ಹತ್ತು ದಿನ ಕ್ವಾರಂಟೈನಿನಲ್ಲಿರಬೇಕಾಗಿತ್ತು. ಅದರ ಖರ್ಚು, ಆಗ ತಲೆಗೆ 1,750 ಪೌಂಡು, ಅವನೇ ತೆರಬೇಕಾಗಿತ್ತು. ಆಟ ನೋಡುವುದಕ್ಕೆ ಹೋದ ಗುಮಾಸ್ತನೊಬ್ಬ ಇಷ್ಟು ತೆತ್ತಾನೆಯೇ? ಆಟಗಾರರಲ್ಲಿಯೂ ಅನೇಕರು ಜೂನ್ 11ರಂದು ಮೊದಲಾಗಲಿದ್ದ ಐರೋಪ್ಯ ರಾಷ್ಟ್ರಗಳ ಪಂದ್ಯಾವಳಿಗೆ ತಂತಮ್ಮ ದೇಶದ ತಂಡಗಳನ್ನು ಸೇರಬೇಕಾಗಿತ್ತು. ಹೀಗಾಗಿ ಮೇ 13ರಂದು, ಪಂದ್ಯಕ್ಕೆ ಹದಿನಾರು ದಿನ ಉಳಿದಿರುವಾಗ, ಪೋರ್ಟೊ ಎಂದು ಪ್ರಕಟಿಸಿದರು. ಇಸ್ತಾಂಬುಲಿಗೆ ಎರಡನೆಯ ಸಲ ಎಲೆ ಹಾಕಿ ಎಲೆ ಎತ್ತಿದಂತಾಯಿತು.

ಇಂಥ ಸಂದರ್ಭದಲ್ಲಿ ಮೊದಲು ಏಳುವ ಪ್ರಶ್ನೆ: ಜನ ಸಾಯುತ್ತಿರುವಾಗ ಆಟವೇಕೆ? ನಿಲ್ಲಿಸಿಬಿಡಬಾರದಾಗಿತ್ತೆ? ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಎದುರು ಮನೆಯಲ್ಲಿ ಆ ತಿಂಗಳೇ ಸಾವಾಗಿತ್ತು. ಅವರ ಕಿಟಕಿಗೆ ಬೆಳಕು ಕಾಣದಿರಲೆಂದು ನಾವು ದೀಪ ಆರಿಸಿ, ಸದ್ದು ತಗ್ಗಿಸಿ ಆಟ ನೋಡಿದೆವು. ಆದರೂ ಹಾವರ್ಟ್ಸ್ ಎಂಬ ಜರ್ಮನ್ ತರುಣ 42ನೆಯ ನಿಮಿಷದಲ್ಲಿ ಗೋಲಿಯನ್ನು ದಾಟಿ ಚೆಂಡನ್ನು ಬಲೆಗೆ ತಳ್ಳಿದಾಗ, ಮಗ ಬಾಯಿಗೆ ದಿಂಬು ಒತ್ತಿಕೊಂಡು ಕೂಗಿದ. ಎಷ್ಟೋ ವಾರಗಳಿಂದ ಆ ಮನೆಯಲ್ಲಿ ಅಂಥ ಸದ್ದು ಕೇಳಿರಲಿಲ್ಲ. ಸಂತೋಷಕ್ಕೂ ಬದುಕಿನಲ್ಲಿ ಹಕ್ಕಿನ ಜಾಗವೊಂದಿದೆ. ದುಃಖದ ಕಾಲದಲ್ಲಂತೂ ಅದನ್ನು ಪೂರ್ತಿ ಬಿಟ್ಟುಕೊಟ್ಟವನು ದುಃಖವನ್ನು ಹೊರುವ ಶಕ್ತಿಯನ್ನೂ ಬಿಟ್ಟುಕೊಡುತ್ತಾನೆ. ಆದುದರಿಂದ ಆಟ ನಡೆದದ್ದು ತಪ್ಪೆಂದು ನಾನು ಹೇಳಲಾರೆ. ಅದನ್ನು ಟರ್ಕಿಯಿಂದ ತೆಗೆದದ್ದು ತಪ್ಪೆಂದೂ ಹೇಳಲಾರೆ. ನನ್ನ ಪ್ರಶ್ನೆ ಬೇರೆ: ತಪ್ಪಿಲ್ಲ ಎಂದ ಮಾತ್ರಕ್ಕೆ ಏನೂ ಬಾಕಿಯಿಲ್ಲ ಎಂದಾಯಿತೆ?

ಎರಡೂ ತಂಡಗಳು ಇಂಗ್ಲೆಂಡಿನವಾದರೆ ಲಂಡನ್ನಿನ ವೆಂಬ್ಲಿಯಲ್ಲೇ ಆಡಿಸಿದ್ದರೆ ಆಗುತ್ತಿರಲಿಲ್ಲವೆ, ಸಾವಿರಾರು ಜನ ವಿಮಾನ ಹತ್ತುವುದು ತಪ್ಪುತ್ತಿರಲಿಲ್ಲವೆ ಎಂದು ವಾಚಕರು ಕೇಳಬಹುದು. ಆ ಮಾತುಕತೆ ನಡೆಯಿತು. ಪರದೇಶಗಳಿಂದ ಬರಬೇಕಾದ ಪ್ರಸಾರಕರಿಗೆ, ಹಣ ಕೊಟ್ಟ ಪ್ರಾಯೋಜಕರಿಗೆ, ಗಣ್ಯರಿಗೆ ಕ್ವಾರಂಟೈನಿನಿಂದ ವಿನಾಯಿತಿ ಬೇಕೆಂದು ಒಕ್ಕೂಟ ಕೇಳಿತು. ಅದು ಹೊಂದಿಕೆಯಾಗದೆ ಮಾತು ಮುರಿಯಿತು. ನಾವು ಅವರನ್ನು ಬಯ್ಯಬಹುದು, ಸುಲಭ. ಆದರೆ ಆ ಪ್ರಸಾರಕರಿಲ್ಲದಿದ್ದರೆ ನಾನು ಬೆಂಗಳೂರಿನಲ್ಲಿ ಆಟ ನೋಡುವುದೆಂತು? ನಾನು ಗಮನಿಸಿದ್ದು ಇಷ್ಟೆ: ಸ್ಥಳ ಬದಲಾಯಿಸಬೇಕಾದಾಗ ಯಾರನ್ನು ಬಿಟ್ಟರೆ ಕೆಲಸ ಕೆಡುತ್ತದೆಂದು ಲೆಕ್ಕ ಹಾಕುತ್ತೇವೆ, ಲೆಕ್ಕಕ್ಕೆ ಬಂದವರನ್ನು ಜೊತೆಗೆ ಕರೆದುಕೊಂಡು ಹೊರಡುತ್ತೇವೆ. ಯಾರನ್ನು ಬಿಟ್ಟರೂ ಕೆಲಸ ಕೆಡುವುದಿಲ್ಲವೋ ಅವರ ಹೆಸರು ಆ ಪಟ್ಟಿಯಲ್ಲಿ ಬರುವುದೇ ಇಲ್ಲ.

ಅಂಥವರು ಇಸ್ತಾಂಬುಲಿನಲ್ಲಿ ಇದ್ದೇ ಇದ್ದರು. ಪೋರ್ಟೊದಲ್ಲಿಯೂ ಇದ್ದರು ಎಂಬುದು ಸೋಜಿಗ. ಆ ಊರಿನವರಿಗೆ ಹಬ್ಬ ತಾನಾಗಿ ಬಂತಲ್ಲ, ಅವರದೇನು ನಷ್ಟ ಎಂದು ನಮಗೆ ತೋರುತ್ತದೆ. ಆದರೆ ಪೋರ್ಚುಗಲ್ಲಿನಲ್ಲಿ ಆ ಋತುವಿನ ಲೀಗ್ ಪಂದ್ಯಗಳಿಗೆ ಬಹುಮಟ್ಟಿಗೆ ಪ್ರೇಕ್ಷಕರನ್ನು ಬಿಟ್ಟಿರಲಿಲ್ಲ. ಪೋರ್ಟೊದ ಡ್ರಾಗಾವ್ ಕ್ರೀಡಾಂಗಣದ ಪಕ್ಕದಲ್ಲೇ ಬಾಳುವವನು ತನ್ನ ಊರಿನ ತಂಡದ ಆಟವನ್ನು ಮನೆಯಲ್ಲಿ ಕುಳಿತೇ ನೋಡಬೇಕಾಗಿತ್ತು. ಈಗ ಅದೇ ಕ್ರೀಡಾಂಗಣದಲ್ಲಿ 16,500 ಜನರಿಗೆ ಅವಕಾಶವಾಯಿತು. ಅದರಲ್ಲಿ ಇಂಗ್ಲೆಂಡಿನ ಒಂದೊಂದು ಕ್ಲಬ್ಬಿಗೆ 6,000 ಟಿಕೆಟು. ಪಂದ್ಯಕ್ಕೆ ಬರುವವರು ಅಂದೇ ಬಂದು ಅಂದೇ ಹಿಂದಿರುಗುತ್ತಾರೆ, ಊರಿನವರೊಡನೆ ಬೆರೆಯುವುದಿಲ್ಲ ಎಂದು ಅಲ್ಲಿನ ಸರ್ಕಾರ ಹೇಳಿತ್ತು. ಬಂದವರು ಎಷ್ಟೋ ಮಂದಿ ದಿನಗಳ ಮೊದಲೇ ಬಂದರು, ನದಿಯ ದಡದಲ್ಲಿ ಮುಖವಾಡವಿಲ್ಲದೆ ಗುಂಪುಗೂಡಿ ಕುಡಿದರು, ಹಾಡಿದರು. ನಮಗೊಂದು ನಿಯಮ, ಪರಸ್ಥಳದವರಿಗೊಂದು ನಿಯಮವೇ ಎಂದು ಪೋರ್ಚುಗಲ್ಲಿನವರು ಕೇಳಿದರು.

ಅತಿಥಿಸತ್ಕಾರವನ್ನು ನಾವು ದೊಡ್ಡ ಧರ್ಮವೆಂದು ನಂಬಿದವರು. ತಾನು ಉಪವಾಸವಿದ್ದು ಬಂದವನಿಗೆ ಬಡಿಸಿದ ಗೃಹಸ್ಥರ ಕಥೆಗಳು ನಮಗೆ ಹೊಸವಲ್ಲ. ಆ ಕಥೆಗಳಲ್ಲಿ ಗೃಹಸ್ಥ ತಾನಾಗಿ ಬಡಿಸುತ್ತಾನೆ. ಅದರಿಂದ ಅದು ಧರ್ಮ. ಮನೆಯ ಯಜಮಾನ ಮಕ್ಕಳಿಗೆ ಉಪವಾಸ ವಿಧಿಸಿ, ಅವರ ಕಣ್ಣೆದುರಿನಲ್ಲೇ ನೆಂಟರಿಗೆ ಹೋಳಿಗೆ ಬಡಿಸಿದರೆ ಅದನ್ನು ಅತಿಥಿಸತ್ಕಾರವೆನ್ನುವುದಕ್ಕೆ ನಾಲಗೆ ಹಿಂಜರಿಯುತ್ತದೆ. ಇನ್ನೊಂದು ವಿಚಿತ್ರ ನೋಡಿ: ಪಂದ್ಯವಾದ ಐದೇ ದಿನಕ್ಕೆ, ಜೂನ್ 3ರಂದು, ಪೋರ್ಚುಗಲ್ಲನ್ನು ಹಸಿರು ಪಟ್ಟಿಯಿಂದ ತೆಗೆಯುವುದಾಗಿ ಬ್ರಿಟಿಷ್ ಸರ್ಕಾರ ಪ್ರಕಟಿಸಿತು. ಸುರಕ್ಷಿತವೆಂದು ಯಾವ ಊರಿಗೆ ಓಡಿಬಂದರೋ ಆ ಊರಿನ ಸುರಕ್ಷಿತತೆಯ ಆಯುಷ್ಯ ಅಷ್ಟು. ನಾವಾದರೂ ಏಪ್ರಿಲ್ 23ರಿಂದಲೇ ಕೆಂಪು ಪಟ್ಟಿಯಲ್ಲಿದ್ದೆವು. ಅದೇ ವರ್ಷ ಭಾರತದಲ್ಲಿ ನಡೆಯಬೇಕಾಗಿದ್ದ ಟಿ-20 ವಿಶ್ವಕಪ್ ಕ್ರಿಕೆಟ್ ಅರಬ್ ಸಂಯುಕ್ತ ಸಂಸ್ಥಾನಕ್ಕೂ ಒಮಾನಿಗೂ ಹೋಯಿತು. ಆತಿಥೇಯನೆಂಬ ಹೆಸರು ನಮ್ಮ ಕ್ರಿಕೆಟ್ ಮಂಡಳಿಗೇ ಉಳಿಯಿತು. ಕ್ರೀಡಾಂಗಣದ ಹೊರಗೆ ಕಡಲೆಕಾಯಿ ಮಾರುವವನಿಗೆ ಯಾವ ಹೆಸರು ಉಳಿಯಿತೋ ಯಾರೂ ಬರೆದಿಡಲಿಲ್ಲ.

ಇನ್ನು ನನಗೆ ನಗು ಬಾರದಿದ್ದ ಕಾರಣ. 2020ರ ಮೇ ತಿಂಗಳಲ್ಲಿ ನನ್ನ ಮಗಳ ಮದುವೆ ಮೈಸೂರಿನ ಒಂದು ಛತ್ರದಲ್ಲಿ ಗೊತ್ತಾಗಿತ್ತು. ಲಾಕ್‌ಡೌನ್ ಬಂತು. ತಿಂಗಳು ಮುಂದೂಡಿ, ತೀರ್ಥಹಳ್ಳಿಯ ಕಡೆ ಬೀಗರ ಮನೆಯಂಗಳದಲ್ಲಿ ಐವತ್ತು ಜನರೊಳಗೆ ಧಾರೆ ಎರೆದೆವು. ಪುರೋಹಿತರು ಬಂದರು, ಫೋಟೋ ತೆಗೆಯುವವನು ಬಂದ, ದೂರದ ನೆಂಟರು ಮೊಬೈಲಿನಲ್ಲಿ ನೋಡಲೆಂದು ಅದಕ್ಕೂ ಏರ್ಪಾಟಾಯಿತು. ಬಿಟ್ಟುಹೋದವರು ಅಡುಗೆಯ ಭಟ್ಟರು. ಮೈಸೂರಿನವರು, ನಾಲ್ಕು ತಿಂಗಳ ಮೊದಲೇ ಮಾತಾಗಿತ್ತು, ನಮ್ಮ ದಿನಕ್ಕಾಗಿ ಇನ್ನೊಂದು ಮನೆಯ ಉಪನಯನವನ್ನು ಬಿಟ್ಟಿದ್ದರು. ನಾನು ಫೋನು ಮಾಡಿ, ಮದುವೆ ಅಲ್ಲಿಗೆ ಹೋಯಿತು, ಅಲ್ಲಿ ಅಡುಗೆ ಮನೆಯವರೇ ಮಾಡಿಕೊಳ್ಳುತ್ತಾರೆ ಎಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, “ಇರಲಿ ಬಿಡಿ ರಾಯರೆ, ಕಾಲವೇ ಹೀಗಿದೆ. ಮಗು ಸುಖವಾಗಿರಲಿ” ಎಂದರು. ಕೊಟ್ಟಿದ್ದ ಐದು ಸಾವಿರ ರೂಪಾಯಿ ಮುಂಗಡವನ್ನು ನಾನು ಹಿಂದಕ್ಕೆ ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ನನ್ನ ಔದಾರ್ಯಕ್ಕೆ ನಾನೇ ಮೆಚ್ಚಿಕೊಂಡದ್ದೂ ನೆನಪಿದೆ.

“ಇರಲಿ ಬಿಡಿ” ಎಂಬ ಅವರ ಮಾತನ್ನು ನಾನು ರಸೀತಿಯಂತೆ ಜೇಬಿಗೆ ಹಾಕಿಕೊಂಡೆ. ಲೆಕ್ಕ ಚುಕ್ತಾ ಆಯಿತೆಂದುಕೊಂಡೆ. ಮದುವೆಯ ಋತುವೆಲ್ಲ ಮುಳುಗಿಹೋದ ಆ ವರ್ಷ ಮದುವೆಯಡುಗೆಯವನ ಒಲೆ ಹೇಗೆ ಉರಿಯಿತು ಎಂದು ಕೇಳಲಿಲ್ಲ. ಪೋರ್ಟೊದ ಆಟ ನೋಡುತ್ತ, ಇಸ್ತಾಂಬುಲಿನ ಹೋಟೆಲುಗಳಲ್ಲಿ ಪಾತ್ರೆ ತೊಳೆಯುವವನ ಗತಿಯೇನೆಂದು ಮರುಕಪಡುತ್ತಿದ್ದವನಿಗೆ ಥಟ್ಟನೆ ಭಟ್ಟರ ನೆನಪಾಯಿತು. ದೂರದವರ ಬಗ್ಗೆ ನ್ಯಾಯ ಹೇಳುವುದು ಎಷ್ಟು ಸುಲಭ!

ಆ ರಾತ್ರಿ ನನಗೆ ಹೊಳೆದದ್ದು ದೊಡ್ಡ ತತ್ತ್ವವೇನೂ ಅಲ್ಲ. ಕೊಟ್ಟ ಮಾತನ್ನು ಮುರಿಯುವಂತೆ ಕಾಲ ನಮ್ಮನ್ನು ಬಲಾತ್ಕರಿಸಿದರೆ ಪಾಪ ನಮಗೆ ತಟ್ಟದಿರಬಹುದು. ಋಣ ಮಾತ್ರ ತಟ್ಟದೆ ಬಿಡುವುದಿಲ್ಲ. ಪಾಪವೂ ಋಣವೂ ಬೇರೆಬೇರೆ ಎಂಬುದನ್ನು ನಾವು ಮರೆಯುತ್ತೇವೆ. “ನನ್ನ ತಪ್ಪಿಲ್ಲ” ಎಂದು ತೋರಿಸಿದ ಕೂಡಲೇ “ನನ್ನ ಬಾಕಿಯಿಲ್ಲ” ಎಂದು ಎದ್ದುಬಿಡುತ್ತೇವೆ. ತಪ್ಪು ಯಾರದೂ ಅಲ್ಲದ ನಷ್ಟವನ್ನು ಯಾರು ಹೊರಬೇಕು ಎಂಬುದೇ ಕಷ್ಟಕಾಲದ ನಿಜವಾದ ಪ್ರಶ್ನೆ. ಯಾರೂ ಹೊರುವುದಿಲ್ಲವೆಂದರೆ ಅದು ಗಾಳಿಯಲ್ಲಿ ಕರಗುವುದಿಲ್ಲ. ಎಲ್ಲರಿಗಿಂತ ಕೆಳಗೆ ನಿಂತವನ ತಲೆಯ ಮೇಲೆ ಸದ್ದಿಲ್ಲದೆ ಇಳಿಯುತ್ತದೆ. “ಇರಲಿ ಬಿಡಿ” ಎಂದು ಅವನು ಹೇಳುವುದು ಬಾಕಿ ತೀರಿತೆಂದಲ್ಲ, ಕೇಳುವ ದಾರಿ ಇಲ್ಲವೆಂದು.

ಫುಟ್‌ಬಾಲ್ ಒಕ್ಕೂಟದವರನ್ನು ಈ ಒಂದು ವಿಷಯದಲ್ಲಿ ಮೆಚ್ಚಬೇಕು. ಅವರು ಇಸ್ತಾಂಬುಲನ್ನು ಮರೆಯಲಿಲ್ಲ. 2023ರ ಪಂದ್ಯ ಮ್ಯೂನಿಕ್ಕಿಗೆ ಸಲ್ಲಬೇಕಾಗಿತ್ತು. ಅದನ್ನು ಇಸ್ತಾಂಬುಲಿಗೆ ಕೊಟ್ಟು, ಮ್ಯೂನಿಕ್ಕನ್ನು 2025ಕ್ಕೆ ನಿಲ್ಲಿಸಿದರು. ಸರದಿಯಲ್ಲಿದ್ದ ಇನ್ನೊಬ್ಬ ಕಾದಿದ್ದರಿಂದ ಹಳೆಯ ಸಾಲ ತೀರಿತು. 2023ರ ಜೂನ್ 10ರಂದು ಅತಾತುರ್ಕ್ ಕ್ರೀಡಾಂಗಣದಲ್ಲಿ, ಪೋರ್ಟೊದಲ್ಲಿ ಸೋತಿದ್ದ ಅದೇ ಮ್ಯಾಂಚೆಸ್ಟರ್ ಸಿಟಿ, ಇಂಟರ್ ಮಿಲಾನನ್ನು ಒಂದು ಗೋಲಿನಿಂದ ಗೆದ್ದಿತು. ಊರಿನ ಋಣ ಸಂದಿತು. ಊರೊಳಗಿನ ಒಬ್ಬೊಬ್ಬನ ಋಣ?

ಅದೇ ವರ್ಷ ಮೊಮ್ಮಗನ ನಾಮಕರಣಕ್ಕೆ ಮೈಸೂರಿನ ಭಟ್ಟರನ್ನೇ ಕರೆಸಿದೆ. ಬಾಯಿಬಿಟ್ಟು ಹಳೆಯ ವಿಷಯ ಹೇಳಿ, ಆಗ ಕೊಡಬೇಕಾಗಿದ್ದುದನ್ನು ಈಗಿನ ಸಂಭಾವನೆಯೊಂದಿಗೆ ಕೈಗಿಟ್ಟೆ. ಬೇಡವೆನ್ನುತ್ತಾರೆಂದು ಎಣಿಸಿದ್ದೆ. ಅವರು ಎಣಿಸಿ ನೋಡಿ ತೆಗೆದುಕೊಂಡರು, ನನಗೆ ಹಗುರವೆನಿಸಿತು. ಅವರ ಜೊತೆ ಬಂದಿದ್ದವರು ಇಬ್ಬರು ಹೊಸ ಹುಡುಗರು. ಮೊದಲು ಒಬ್ಬ ಬಡಿಸುವ ಹುಡುಗನಿದ್ದನಲ್ಲ, ಬಹಳ ಚುರುಕು, ಅವನೆಲ್ಲಿ ಎಂದು ಕೇಳಿದೆ.

“ಲಾಕ್‌ಡೌನಿನಲ್ಲಿ ಊರಿಗೆ ಹೋದ ರಾಯರೆ. ಮತ್ತೆ ಬರಲಿಲ್ಲ. ಎಲ್ಲಿದ್ದಾನೋ ತಿಳಿಯದು” ಎಂದು ಭಟ್ಟರು ಹೇಳಿ, ಸಾರಿಗೆ ಒಗ್ಗರಣೆ ಹಾಕುವುದಕ್ಕೆ ಒಳಗೆ ಹೋದರು.